ತೊಡಿ ಮ್ಯಾಲಿಂದ ಸೀಟಿಗೆ: ಕೂಸಿನ ಕಾರ್ ಸೀಟಿನ ಇತಿಹಾಸ

ಭಾಗ 1/9 👶🚗

‘ವಸ್ತುಗಳ ಇತಿಹಾಸ’ ಸರಣಿಯಲ್ಲಿ ಈ ಸಲ ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಭಾಳ ಮಂದಿ ಅಂಗಡಿಯಾಗೂ ನೋಡಿರದ ಒಂದು ವಸ್ತು: ಕೂಸಿನ ಕಾರ್ ಸೀಟ್.

ಇದನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳ್ತೀರಿ. ನಮ್ಮ ದೊಡ್ಡಪ್ಪನ ಮಗಳು ದುಬೈನಾಗ ಇದ್ದಾಳ. ಇನ್ನೆರಡು ತಿಂಗಳಿಗೆ ಹೆರಿಗೆ. ಹೋದ ವಾರ ವಾಟ್ಸಾಪ್‌ನಲ್ಲಿ ಐದು ಸೀಟಿನ ಫೋಟೋ ಕಳಿಸಿ, “ನೀ ಎಲ್ಲಾದರ ಇತಿಹಾಸ ಬರೀತಿಯಲ್ಲ, ಇದರಾಗ ಯಾವುದು ತಗೊಳ್ಳಿ ಹೇಳು ನೋಡೋಣು” ಅಂದಳು. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ನಾಲ್ಕು ಪಟ್ಟು ಫರಕು. ಮನೆಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಾತು: “ಸೀಟ್ ಯಾಕ ಬೇಕು? ತೊಡಿ ಮ್ಯಾಲ ಕೂಡ್ಸ್ಕೊಂಡ್ರ ಆಯ್ತಲ್ಲ!”

ಓದುತ್ತಾ ಹೋದ ಹಾಗೆ ಒಂದು ವಿಷಯ ತಿಳೀತು. ಈ “ತೊಡಿ ಮ್ಯಾಲ” ಅನ್ನೋ ವಾದ ನಮ್ಮ ಮನೆಯದು ಮಾತ್ರ ಅಲ್ಲ. ಅಮೆರಿಕದ ಒಂದು ರಾಜ್ಯದ ಕಾನೂನಿನ ಒಳಗೇ ಅದು ಹೋಗಿ ಕೂತಿತ್ತು! ಆ ಕಥೆ ಭಾಗ 6ರಲ್ಲಿ. ಸ್ವೈಪ್ ಮಾಡಿ 👉

—

ಭಾಗ 2/9: ಎತ್ತಿನ ಗಾಡಿ ಕಾಲ 🐂

ಮೊದಲು ನಮ್ಮೂರಿಂದಲೇ ಶುರು ಮಾಡೋಣ. ನಮ್ಮ ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣ, ಚಾಲುಕ್ಯರ ರಾಜಧಾನಿ. 1126ರಿಂದ 1138ರ ತನಕ ಆಳಿದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಅಂತ ದೊಡ್ಡ ಗ್ರಂಥ ಬರೆದ. ಊಟ, ಸ್ನಾನ, ಬಟ್ಟೆ, ಒಡವೆ, ಆಟ, ಸಂಗೀತ, ಏನುಂಟು ಏನಿಲ್ಲ! ಅದರಲ್ಲಿ ರಾಜನ ಇಪ್ಪತ್ತು ಉಪಭೋಗಗಳ ಒಂದು ಪಟ್ಟಿ ಅದ. ಆ ಪಟ್ಟಿಯಲ್ಲಿ ‘ಪುತ್ರೋಪಭೋಗ’ ಅಂತ ಮಕ್ಕಳ ಅಧ್ಯಾಯ ಒಂದು, ‘ಯಾನೋಪಭೋಗ’ ಅಂತ ವಾಹನಗಳ ಅಧ್ಯಾಯ ಇನ್ನೊಂದು.

ಅಂದರೆ ಮಕ್ಕಳು ಒಂದು ಕಡೆ, ವಾಹನ ಇನ್ನೊಂದು ಕಡೆ. ಇವೆರಡನ್ನೂ ಜೋಡಿಸಿ “ವಾಹನದಲ್ಲಿ ಮಗುವನ್ನ ಹೇಗೆ ಕೂರಿಸಬೇಕು” ಅಂತ ಪ್ರತ್ಯೇಕ ಅಧ್ಯಾಯ ಬರೆಯುವ ಅವಶ್ಯಕತೆ ಆ ಕಾಲಕ್ಕೆ ಬಂದಿರಲಿಲ್ಲ. ಯಾಕಂದ್ರ ಪಲ್ಲಕ್ಕಿ ಹೋಗೋದು ಹೊರುವವರ ಹೆಜ್ಜೆಯ ವೇಗದಲ್ಲಿ. ಎತ್ತಿನ ಗಾಡಿ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್. ಗಾಡಿ ಗಕ್ಕನೆ ನಿಂತರೂ ಅವ್ವನ ಕೈ ಕೂಸನ್ನ ಹಿಡೀತದ. ಆ ವೇಗಕ್ಕೆ ಮಡಿಲೇ ಪಕ್ಕಾ ಸುರಕ್ಷತಾ ಸಾಧನ. ಸುಳ್ಳಲ್ಲ.

ಅದಕ್ಕೇ ನಾನು ಹೇಳೋದು, ದೊಡ್ಡವರ ಮಾತು ಮೂರ್ಖತನ ಅಲ್ಲ. ನೂರಾರು ವರ್ಷ ಖರೇ ಆಗಿದ್ದ ಮಾತು ಅದು. ಬದಲಾಗಿದ್ದು ತಾಯಂದಿರಲ್ಲ, ವೇಗ. ಈಗ ಸಸ್ತಾಪುರ ಬಂಗ್ಲಾ ದಾಟಿ ರಾಷ್ಟ್ರೀಯ ಹೆದ್ದಾರಿ 65ಕ್ಕೆ ಹತ್ತಿದರೆ ಹುಮನಾಬಾದ್ ಮುಟ್ಟೋ ತನಕ ಮುಳ್ಳು 80ರ ಕೆಳಗೆ ಇಳಿಯಲ್ಲ. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗೋ ಲಾರಿಗಳು ಒಂದು ಕಡೆ, ಸೀಜನ್ ಬಂತಂದ್ರ ಕಬ್ಬಿನ ಟ್ರ್ಯಾಕ್ಟರ್ ಇನ್ನೊಂದು ಕಡೆ. ಗಾಡಿ ಬದಲಾಯಿತು. ಕೂಸು ಕೂರುವ ಜಾಗ ಮಾತ್ರ ಬದಲಾಗಲಿಲ್ಲ.

—

ಭಾಗ 3/9: ಮೊದಲ ಸೀಟು ಸುರಕ್ಷತೆಗಲ್ಲ! 😮

ಇದು ನನಗೂ ಆಶ್ಚರ್ಯ ತಂದ ಸಂಗತಿ. 1930ರ ದಶಕದಲ್ಲಿ ಅಮೆರಿಕದ ‘ಬನ್ನಿ ಬೇರ್’ ಕಂಪನಿ ಮಕ್ಕಳ ಕಾರ್ ಸೀಟ್ ಮಾರುಕಟ್ಟೆಗೆ ತಂತು. ಆದರೆ ಅದರ ಉದ್ದೇಶ ಜೀವ ಉಳಿಸೋದಲ್ಲ. ಮಗುವನ್ನ ಸ್ವಲ್ಪ ಎತ್ತರಕ್ಕೆ ಕೂರಿಸೋದು. ಎತ್ತರಕ್ಕೆ ಕೂತರೆ ಅಪ್ಪ ಅವ್ವನ ಕಣ್ಣಿಗೆ ಮಗು ಕಾಣ್ತದ, ಮಗುವಿಗೆ ಕಿಟಕಿ ಹೊರಗಿನ ದೃಶ್ಯ ಕಾಣ್ತದ, ಡ್ರೈವರ್‌ಗೆ ಕಾಟ ಕೊಡಲ್ಲ. ಅಷ್ಟೇ.

ಮುಂದಿನ ವರ್ಷಗಳ ಸೀಟುಗಳೂ ಹಾಗೇ ಇದ್ದವು. ಕಬ್ಬಿಣದ ಚೌಕಟ್ಟು, ಅದಕ್ಕೊಂದು ಬಟ್ಟೆ, ಕಾರಿನ ಸೀಟಿನ ಬೆನ್ನಿಗೆ ನೇತು ಹಾಕೋ ಎರಡು ಕೊಕ್ಕೆ. ಕೆಲವಕ್ಕೆ ಆಟದ ಸ್ಟಿಯರಿಂಗ್ ಬೇರೆ. ಗುದ್ದಿದರೆ ಕೊಕ್ಕೆ ಕಳಚಿ ಸೀಟೂ ಹಾರೋದು, ಕೂಸೂ ಹಾರೋದು.

ಇದನ್ನ ನೆನಪಿಟ್ಟುಕೊಳ್ರಿ. ಈಗಲೂ ಆನ್‌ಲೈನ್‌ನಲ್ಲಿ “ಬೇಬಿ ಕಾರ್ ಸೀಟ್” ಅಂತ ಹುಡುಕಿದರೆ ಬರೀ ಮೆತ್ತನೆ ದಿಂಬಿಗೆ ನಾಲ್ಕು ಪಟ್ಟಿ ಹೊಲಿದ ಅಗ್ಗದ ಮಾಲು ಬರ್ತಾವ. ನೋಡೋಕೆ ಸೀಟು, ಕೆಲಸದಲ್ಲಿ 1930ರ ಮಾಲು. ಮಗು ಕೂತದೋ ಇಲ್ಲೋ ಅನ್ನೋದು ಪ್ರಶ್ನೆ ಅಲ್ಲ. ಗಾಡಿ ಗುದ್ದಿದಾಗ ಮಗು ಅಲ್ಲೇ ಇರ್ತದೋ ಇಲ್ಲೋ ಅನ್ನೋದು ಪ್ರಶ್ನೆ.

—

ಭಾಗ 4/9: ಬಿಕಾಂ ಹುಡುಗನ ಲೆಕ್ಕ 🧮

ನಾನು ಇಂಜಿನಿಯರ್ ಅಲ್ಲ, ಬಿಕಾಂ. ಆದರೂ ಈ ಲೆಕ್ಕ ಹತ್ತನೇ ಕ್ಲಾಸಿನ ವಿಜ್ಞಾನದ್ದು, ನೀವೂ ಮಾಡಿ ನೋಡಬಹುದು.

ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದ ಅಂತ ಹಿಡಿಯಿರಿ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು. ಆಗ ಒಳಗಿರುವ ಪ್ರತಿಯೊಂದನ್ನೂ ಹಿಡಿದು ನಿಲ್ಲಿಸೋಕೆ ಅದರ ತೂಕದ ಸುಮಾರು 14 ಪಟ್ಟು ಬಲ ಬೇಕು.

👉 ಕೂಸಿನ ತೂಕ 6 ಕೆ.ಜಿ.
👉 6 × 14 = 84 ಕೆ.ಜಿ.

ಅಂದರೆ ಕಣ್ಣು ಮಿಟುಕಿಸೋದರೊಳಗೆ ಅವ್ವನ ಎರಡು ಕೈ ಒಂದೂವರೆ ಚೀಲ ಸಿಮೆಂಟಿಗಿಂತ ಹೆಚ್ಚು ಭಾರ ಹಿಡೀಬೇಕು. ಅದೂ ಹೇಳದೆ ಕೇಳದೆ. ಯಾವ ಪೈಲ್ವಾನನ ಕೈಯಲ್ಲೂ ಆಗಲ್ಲ. ಇಲ್ಲಿ ಪ್ರೀತಿ ಕಮ್ಮಿ ಬಿದ್ದಿಲ್ಲ, ತೋಳಿನ ಬಲ ಕಮ್ಮಿ ಬಿದ್ದದ.

ಇನ್ನೊಂದು ರೀತಿ ಹೇಳ್ತೀನಿ. 50ರ ವೇಗದಲ್ಲಿ ಗುದ್ದೋದು ಅಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ಹಾಗೆ. 80ರ ವೇಗ ಅಂದರೆ 25 ಮೀಟರ್. ನಮ್ಮೂರಾಗ ಅಷ್ಟು ಎತ್ತರದ ಮನೆಯೇ ಇಲ್ಲ!

ಅವ್ವ ಬೆಲ್ಟ್ ಹಾಕಿಕೊಂಡಿರದಿದ್ದರೆ ಇನ್ನೂ ಕೆಟ್ಟದ್ದು. ಅವರ ಮೈಭಾರ ಪೂರ್ತಿ ಕೂಸಿನ ಮೇಲೆ ಬರ್ತದ. “ಹಂಗಾದ್ರ ಒಂದೇ ಬೆಲ್ಟಿನಾಗ ಇಬ್ಬರೂ ಕೂಡೋಣ” ಅಂತೀರಾ? ಅದೂ ಬ್ಯಾಡ. ಬೆಲ್ಟಿಗೂ ದೊಡ್ಡವರ ಮೈಗೂ ನಡುವೆ ಸಿಕ್ಕ ಕೂಸು ಹಿಚುಕಿ ಹೋಗ್ತದ. ಎದೆಗೆ ಕಟ್ಟಿಕೊಳ್ಳೋ ಬೇಬಿ ಕ್ಯಾರಿಯರ್ ನಡೆದಾಡೋಕೆ ಛಲೋ, ಕಾರಿಗೆ ಅಲ್ಲ.

—

ಭಾಗ 5/9: ಗಗನಯಾತ್ರಿ ಮತ್ತು ಕೂಸು 🚀

ಈಗ ಕಥೆ ತಿರುವು ತಗೊಳ್ತದ.

1959ರಲ್ಲಿ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಈಗ ನಾವೆಲ್ಲ ಹಾಕಿಕೊಳ್ಳೋ ಮೂರು ಬಿಂದುಗಳ ಸೀಟ್ ಬೆಲ್ಟ್ ತಂದರು. ಅದಕ್ಕೂ ಮೊದಲು ಅವರು ಯುದ್ಧ ವಿಮಾನದಿಂದ ಪೈಲಟ್ ಹೊರಗೆ ಜಿಗಿಯೋ ಸೀಟುಗಳ ಮೇಲೆ ಕೆಲಸ ಮಾಡಿದವರು. ವೋಲ್ವೋ ಈ ಪೇಟೆಂಟನ್ನ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಆದರೆ ಆ ಬೆಲ್ಟ್ ದೊಡ್ಡವರ ಅಳತೆಗೆ ಮಾಡಿದ್ದು. ಕೂಸಿನ ಕಥೆ ಹಾಗೇ ಉಳೀತು.

1962ರ ಸುಮಾರಿಗೆ ಇಬ್ಬರು ಬೇರೆ ಬೇರೆ ದೇಶದಲ್ಲಿ ಕೂತು ಇದೇ ಯೋಚನೆ ಮಾಡಿದರು. ಬ್ರಿಟನ್ನಿನ ಜೀನ್ ಏಮ್ಸ್ ಅನ್ನೋ ಮಹಿಳೆ ಮಗು ಹಿಂದಕ್ಕೆ ಮುಖ ಮಾಡಿ ಕೂರುವ, ಪಟ್ಟಿ ಇರುವ ಸೀಟ್ ರೂಪಿಸಿದರು. ಅಮೆರಿಕದ ಡೆನ್ವರ್‌ನ ಲಿಯೊನಾರ್ಡ್ ರಿವ್ಕಿನ್ ಮುಂದಕ್ಕೆ ಮುಖ ಮಾಡಿದ, ಲೋಹದ ಚೌಕಟ್ಟಿನ ಸೀಟ್ ಮಾಡಿದರು. ಮೊದಲ ಬಾರಿಗೆ “ಕೂಸು ಕಾಣಲಿ” ಅನ್ನೋದು ಹೋಗಿ “ಕೂಸು ಉಳೀಲಿ” ಅನ್ನೋದು ಬಂತು.

ಆಮೇಲೆ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್. ವೃತ್ತಿಯಿಂದ ವೈದ್ಯರು, ಅಪಘಾತದ ಗಾಯಗಳ ಬಗ್ಗೆ ಸಂಶೋಧನೆ ಮಾಡ್ತಿದ್ದವರು. ರಾಕೆಟ್ ಮೇಲೇರುವಾಗ ಗಗನಯಾತ್ರಿಗಳು ಬೆನ್ನ ಮೇಲೆ ಮಲಗಿರ್ತಾರಲ್ಲ? ಬಲ ಇಡೀ ಬೆನ್ನಿಗೆ ಹಂಚಿ ಹೋಗ್ತದ, ಕುತ್ತಿಗೆ ಒಂದರ ಮೇಲೇ ಬೀಳಲ್ಲ. ಅದನ್ನ ನೋಡಿ ಆಲ್ಡ್‌ಮನ್‌ಗೆ ಹೊಳೀತು: ಕೂಸಿಗೂ ಹೀಗೇ ಮಾಡಬಹುದಲ್ಲ? 1964ರಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟಿನ ಮಾದರಿಯನ್ನ ವೋಲ್ವೋ ಕಾರಿನಲ್ಲಿ ಪರೀಕ್ಷೆ ಮಾಡಿದರು. 1972ರಲ್ಲಿ ವೋಲ್ವೋ ಅಂಥ ಸೀಟ್ ಮಾರಾಟಕ್ಕೂ ತಂತು.

ಹಿಂದಕ್ಕೇ ಯಾಕ ಮುಖ? ಹುಟ್ಟಿದ ಕೂಸಿನ ತಲೆ ಅದರ ಮೈ ಉದ್ದದ ನಾಲ್ಕನೇ ಒಂದು ಭಾಗ. ನಮ್ಮ ನಿಮ್ಮದು ಎಂಟನೇ ಒಂದು ಭಾಗ ಅಷ್ಟೇ. ದೊಡ್ಡ ತಲೆ, ಎಳೇ ಕುತ್ತಿಗೆ. ಮುಂದಕ್ಕೆ ಮುಖ ಇದ್ದಾಗ ಕಾರು ನಿಂತರೆ ಪಟ್ಟಿ ಮೈಯನ್ನ ಹಿಡೀತದ, ತಲೆ ಮಾತ್ರ ಮುಂದಕ್ಕೆ ಎಸೀತದ. ಹಿಂದಕ್ಕೆ ಮುಖ ಇದ್ದರೆ ಸೀಟಿನ ಬೆನ್ನು ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಹಿಡೀತದ.

ನೋಡ್ರಿ, ನಮ್ಮ ಹೆಣ್ಣುಮಕ್ಕಳು ಎಳೇ ಕೂಸನ್ನ ಎತ್ತುವಾಗ ಮೊದಲು ಏನಂತಾರ? “ಕುತ್ತಿಗಿ ಹಿಡಿ, ಕುತ್ತಿಗಿ ಹಿಡಿ!” ಆಲ್ಡ್‌ಮನ್ ಮಾಡಿದ ಸೀಟು ಮಾಡೋದೂ ಅದನ್ನೇ. ಕುತ್ತಿಗಿ ಹಿಡಿಯೋದು.

—

ಭಾಗ 6/9: ಕಾನೂನಿನೊಳಗೆ ಹೊಕ್ಕ ಮಡಿಲು ⚖️

ಸೀಟ್ ಬಂತು. ಜನ ತಗೊಂಡ್ರಾ? ಇಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲೂ ಬಹಳಷ್ಟು ಕೂಸುಗಳು ಅವ್ವನ ಮಡಿಲಲ್ಲೇ, ಇಲ್ಲವೇ ಹಿಂದಿನ ಸೀಟಿನಲ್ಲಿ ಹಾಗೇ ಬಿಟ್ಟು.

ಟೆನೆಸೀ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಅಂತ ಮಕ್ಕಳ ಡಾಕ್ಟರ್ ಇದ್ದರು. ರೋಗಕ್ಕೆ ಲಸಿಕೆ ಹಾಕ್ತೀವಿ, ಆದರೆ ರಸ್ತೆ ಮೇಲೆ ಸಾಯೋ ಮಕ್ಕಳಿಗೆ ಏನು ಮಾಡ್ತಿದ್ದೀವಿ ಅನ್ನೋದು ಅವರ ಚಿಂತೆ. ಅವರೂ ಅವರ ಹೆಂಡತಿ ಪ್ಯಾಟ್ ಅವರೂ ಶಾಸಕರ ಬೆನ್ನು ಬಿದ್ದು, ಫೋನ್ ಮೇಲೆ ಫೋನ್ ಮಾಡಿಸಿ, 1977ರಲ್ಲಿ ಮಸೂದೆ ಪಾಸ್ ಆಗೋ ಹಾಗೆ ಮಾಡಿದರು. 1978ರ ಜನವರಿ 1ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಾರಿನಲ್ಲಿ ಸೀಟ್ ಕಡ್ಡಾಯ. ಅಮೆರಿಕದಲ್ಲಿ ಇಂಥ ಕಾನೂನು ಅದೇ ಮೊದಲು.

ಆದರೆ ಮಸೂದೆ ಪಾಸ್ ಆಗುವಾಗ ಶಾಸಕರು ಒಂದು ವಿನಾಯಿತಿ ಸೇರಿಸಿದ್ದರು. ಏನು ಗೊತ್ತಾ? ದೊಡ್ಡವರು ಮಗುವನ್ನ ತೋಳಿನಲ್ಲಿ ಹಿಡಿದುಕೊಂಡಿದ್ದರೆ ಸೀಟ್ ಬೇಕಿಲ್ಲ!

ನಮ್ಮ ಆಯಿ ಹೇಳೋ ಮಾತು ಅಲ್ಲಿ ಕಾನೂನೇ ಆಗಿತ್ತು. ಹುಮನಾಬಾದಿನ ಅಜ್ಜಿಗೂ ಟೆನೆಸೀ ಶಾಸಕರಿಗೂ ಅನಿಸಿದ್ದು ಒಂದೇ. ಅವ್ವನ ತೋಳಿಗಿಂತ ಗಟ್ಟಿ ಯಾವುದದ?

ಭಾಗ 4ರ ಲೆಕ್ಕ ಗೊತ್ತಿದ್ದವರು ಆ ವಿನಾಯಿತಿಗೆ ಬೇರೆಯೇ ಹೆಸರಿಟ್ಟರು: ‘ಮಗು ಜಜ್ಜುವ ತಿದ್ದುಪಡಿ’. ಕೇಳೋಕೆ ಕಠೋರ. ಆದರೆ ಆಗ್ತಿದ್ದದ್ದು ಅದೇ. ಸ್ಯಾಂಡರ್ಸ್ ಮತ್ತೆ ಹೋರಾಟಕ್ಕೆ ಇಳಿದರು. 1981ರಲ್ಲಿ ಆ ವಿನಾಯಿತಿ ತೆಗೆದು ಹಾಕಿದರು. 1985ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಮಕ್ಕಳ ಸೀಟಿನ ಕಾನೂನು ಬಂದಾಗಿತ್ತು.

ಫಲ ಏನು? ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಅಂದಾಜಿನ ಪ್ರಕಾರ ಕಾರಿನಲ್ಲಿ ಸರಿಯಾದ ಸೀಟ್ ಬಳಸಿದರೆ ಒಂದು ವರ್ಷದೊಳಗಿನ ಕೂಸು ಅಪಘಾತದಲ್ಲಿ ಸಾಯುವ ಸಾಧ್ಯತೆ ಶೇ. 71ರಷ್ಟು ಕಮ್ಮಿ. ಒಂದರಿಂದ ನಾಲ್ಕು ವರ್ಷದವರಿಗೆ ಶೇ. 54.

ಒಬ್ಬ ಡಾಕ್ಟರ್, ಒಬ್ಬ ಹೆಂಡತಿ, ಒಂದು ಫೋನ್. ಇತಿಹಾಸ ಅಂದರೆ ಬರೀ ರಾಜರ ಯುದ್ಧ ಅಲ್ಲ ದೋಸ್ತರೇ.

—

ಭಾಗ 7/9: ಒಂದೊಂದು ದೇಶಕ್ಕೆ ಒಂದೊಂದು ಮುದ್ರೆ 🌍

ಇಲ್ಲಿಂದ ವಿದೇಶದಲ್ಲಿರೋ ನಮ್ಮವರಿಗೆ ನೇರ ಸಂಬಂಧ. ಬೀದರ್, ಕಲಬುರಗಿ ಕಡೆಯ ಎಷ್ಟೋ ಮನೆಯವರು ಗಲ್ಫ್‌ನಲ್ಲಿ ಇದ್ದಾರ, ಸಾಫ್ಟ್‌ವೇರ್‌ನವರು ಅಮೆರಿಕ, ಕೆನಡಾ, ಜರ್ಮನಿ, ಆಸ್ಟ್ರೇಲಿಯಾ ಅಂತ ಹೋಗ್ಯಾರ. ಎಲ್ಲಾ ಕಡೆ ಒಂದೇ ಸೀಟ್ ನಡೆಯಲ್ಲ.

🔹 ಅಮೆರಿಕ: ಮಕ್ಕಳ ಸೀಟಿಗೆ ಕೇಂದ್ರ ಸರಕಾರದ ಮಾನದಂಡ 1971ರಿಂದಲೇ ಅದ. ಮೊದಲು ಅದು ದುರ್ಬಲವಾಗಿತ್ತು, ಗುದ್ದಿ ನೋಡುವ ಪರೀಕ್ಷೆ ಆಮೇಲೆ ಸೇರಿತು.

🔹 ಯುರೋಪ್: 1981ರಲ್ಲಿ ವಿಶ್ವಸಂಸ್ಥೆಯ ಆರ್44 ನಿಯಮ, 2013ರಲ್ಲಿ ಹೊಸ ಆರ್129, ಅಂದರೆ ‘ಐ-ಸೈಜ್’. ಹೊಸದರಲ್ಲಿ ಸೀಟನ್ನ ಮಗುವಿನ ಎತ್ತರ ನೋಡಿ ಆರಿಸ್ತಾರ, ಪಕ್ಕದಿಂದ ಗುದ್ದುವ ಪರೀಕ್ಷೆಯೂ ಅದ, ಕನಿಷ್ಠ 15 ತಿಂಗಳ ತನಕ ಹಿಂದಕ್ಕೇ ಮುಖ.

🔹 ಬ್ರಿಟನ್: 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲು ಬರ್ತದೋ ಅಲ್ಲಿ ತನಕ ಸೀಟ್. ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂ.ಮೀ.

🔹 ಕೆನಡಾ: ಅಲ್ಲಿನ ರಾಷ್ಟ್ರೀಯ ಸುರಕ್ಷತಾ ಮುದ್ರೆ ಇಲ್ಲದ ಸೀಟ್ ನಡೆಯಲ್ಲ. ಅಮೆರಿಕದ ಅಣ್ಣ ತನ್ನ ಮಗನ ಸೀಟನ್ನ ಕೆನಡಾದ ತಂಗಿಗೆ ಪ್ರೀತಿಯಿಂದ ಕೊಟ್ಟರೂ ಅದು ಅಲ್ಲಿ ಕಾನೂನುಬಾಹಿರ.

🔹 ಆಸ್ಟ್ರೇಲಿಯಾ: ಇನ್ನೂ ಬಿಗಿ. ಅಲ್ಲಿನದೇ ಮಾನದಂಡದ ಸೀಟ್ ಬೇಕು. ಭಾರತದಿಂದ ಹೊತ್ತುಕೊಂಡು ಹೋದದ್ದು ವ್ಯರ್ಥ.

🔹 ಯುಎಇ: 2017ರ ಜುಲೈ 1ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟ್ ಕಡ್ಡಾಯ ಮಾಡಿದರು. ದಂಡ 400 ದಿರ್ಹಂ, ಜೊತೆಗೆ ಲೈಸೆನ್ಸ್ ಮೇಲೆ 4 ಕಪ್ಪು ಅಂಕ. ನಮ್ಮ ಅಕ್ಕನ ಪ್ರಶ್ನೆ ಇಲ್ಲಿಂದ ಬಂದದ್ದು.

ಹಾಗಾಗಿ ಮೊದಲ ಪಾಠ: ಸೀಟನ್ನ ಕಾರು ಓಡುವ ದೇಶದಲ್ಲೇ ತಗೊಳ್ರಿ. ಇಲ್ಲಿಂದ ಕುಂಚಿಗೆ, ದುಪಟಿ, ಬೆಳ್ಳಿ ಬಟ್ಟಲು ಕಳಿಸಿ. ಸೀಟ್ ಮಾತ್ರ ಬ್ಯಾಡ 😄

—

ಭಾಗ 8/9: ಹಂಗಾದ್ರ ಯಾವುದು ತಗೋಬೇಕು? 📝

ಅಕ್ಕನಿಗೆ ಕಳಿಸಿದ್ದನ್ನೇ ಇಲ್ಲಿ ಹಾಕ್ತಿದ್ದೀನಿ. ಸೇವ್ ಮಾಡಿ ಇಟ್ಟುಕೊಳ್ರಿ, ನಿಮ್ಮ ಅಕ್ಕ, ಅತ್ತಿಗೆಗೂ ಬೇಕಾಗ್ತದ.

1️⃣ ಮೊದಲು ಲೇಬಲ್, ಆಮೇಲೆ ಬಣ್ಣ. ಯುರೋಪಿನ ಮಾದರಿಯಾದರೆ ಕಿತ್ತಳೆ ಬಣ್ಣದ ಚೀಟಿ ಮೇಲೆ ಆರ್129 ಅಂತ ಇರ್ತದ. ಚೀಟಿಯೇ ಇಲ್ಲ ಅಂದರೆ ಅಂಗಡಿಯಿಂದ ಹೊರಗೆ ಬನ್ನಿ.

2️⃣ ಹಿಂದಕ್ಕೆ ಮುಖ, ಆದಷ್ಟು ಹೆಚ್ಚು ದಿನ. “ಕಾಲು ಮಡಚ್ತದ, ಪಾಪ” ಅಂತ ಬೇಗ ತಿರುಗಿಸಬೇಡಿ. ಕಾಲು ಮಡಚಿ ಕೂರೋದು ಮಕ್ಕಳಿಗೆ ಕಷ್ಟ ಅಲ್ಲ. ಆ ಸೀಟಿನ ಮೇಲೆ ಬರೆದ ತೂಕ, ಎತ್ತರದ ಮಿತಿ ಮುಟ್ಟೋ ತನಕ ಹಾಗೇ ಇರಲಿ.

3️⃣ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟ್ ಎಂದಿಗೂ ಇಡಬಾರದು. ಬ್ಯಾಗ್ ಬಿಚ್ಚಿದರೆ ಹೊಡೆತ ನೇರ ಕೂಸಿನ ತಲೆ ಹಿಂದೆ. ಜಾಗ ಹಿಂದಿನ ಸೀಟೇ.

4️⃣ ಕಾರಿಗೆ ಹೊಂದುತ್ತದಾ ನೋಡಿ. ‘ಐಸೋಫಿಕ್ಸ್’ ಅಂದರೆ ಸೀಟಿನ ಸಂದಿಯಲ್ಲಿ ಇರುವ ಎರಡು ಕಬ್ಬಿಣದ ಕೊಂಡಿ. ಅದಕ್ಕೆ ಸೀಟ್ ಟಕ್ ಅಂತ ಕೂರ್ತದ. ಕೊಂಡಿ ಇಲ್ಲದ ಹಳೇ ಕಾರಿಗೆ ಬೆಲ್ಟಿನಿಂದ ಕಟ್ಟುವ ಸೀಟ್ ಅವ. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಅಲ್ಲಾಡಬಾರದು.

5️⃣ ಪಟ್ಟಿ ಬಿಗಿ ಇರಲಿ. ಹೆಗಲ ಹತ್ತಿರ ಪಟ್ಟಿಯನ್ನ ಚಿವುಟಿ ನೋಡಿ, ಬೆರಳಿಗೆ ಮಡಿಕೆ ಸಿಕ್ಕರೆ ಸಡಿಲ ಅಂತ ಅರ್ಥ. ಹಿಂದಕ್ಕೆ ಮುಖ ಇದ್ದಾಗ ಪಟ್ಟಿ ಹೆಗಲ ಮಟ್ಟ ಅಥವಾ ಸ್ವಲ್ಪ ಕೆಳಗಿಂದ ಬರಬೇಕು. ಚಳಿ ದೇಶದಲ್ಲಿ ದಪ್ಪ ಜಾಕೆಟ್ ಬಿಚ್ಚಿ ಕೂರಿಸಿ, ಪಟ್ಟಿ ಹಾಕಿ, ಮೇಲೆ ದುಪಟಿ ಹೊದಿಸಿ.

6️⃣ ಯಾರೋ ಗೊತ್ತಿಲ್ಲದವರು ಬಳಸಿದ ಸೀಟ್ ಬ್ಯಾಡ. ಒಮ್ಮೆ ಅಪಘಾತ ಕಂಡ ಸೀಟಿನ ಒಳಗಿನ ಬಿರುಕು ಕಣ್ಣಿಗೆ ಕಾಣಲ್ಲ. ಪ್ಲಾಸ್ಟಿಕ್‌ಗೂ ವಯಸ್ಸು ಅದ, ಎಷ್ಟು ವರ್ಷ ಬಳಸಬಹುದು ಅಂತ ಕಂಪನಿಯೇ ಸೀಟಿನ ಮೇಲೆ ಇಲ್ಲವೇ ಪುಸ್ತಕದಲ್ಲಿ ಹೇಳಿರ್ತದ.

7️⃣ ಬೆಲೆ. ಅಕ್ಕ ಕಳಿಸಿದ ಐದರಲ್ಲಿ ಅತಿ ದುಬಾರಿಯದೇ ಅತಿ ಸುರಕ್ಷಿತ ಅಂತ ಇಲ್ಲ. ಮುದ್ರೆ ಇರುವ ಎಲ್ಲ ಸೀಟೂ ಆ ಮಾನದಂಡದ ಪರೀಕ್ಷೆ ಪಾಸ್ ಆದವೇ. ಹೆಚ್ಚಿನ ದುಡ್ಡು ಬಹಳ ಸಲ ಬಟ್ಟೆ, ಸುತ್ತ ತಿರುಗುವ ಅನುಕೂಲ, ಹೆಸರು ಇವಕ್ಕೆ ಹೋಗ್ತದ. ದಿನಾ ಸರಿಯಾಗಿ ಕಟ್ಟಲು ನಿಮಗೆ ಸುಲಭ ಅನಿಸೋ ಸೀಟೇ ಒಳ್ಳೇ ಸೀಟ್. ಕಟ್ಟೋಕೆ ಬೇಜಾರು ಬಂದರೆ ಒಂದು ದಿನ “ಇಲ್ಲೇ ಹತ್ರ ಅದ” ಅಂತ ತೊಡಿ ಮ್ಯಾಲ ಕೂರಿಸ್ತೀರಿ.

8️⃣ ಸೀಟ್ ಅಂದರೆ ತೊಟ್ಟಿಲಲ್ಲ. ದೂರದ ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೂಸನ್ನ ಎತ್ತಿಕೊಳ್ಳಿ. ಮನೆ ಬಂದ ಮೇಲೆ ಸೀಟಿನಲ್ಲೇ ಮಲಗಿಸಿ ಬಿಡಬೇಡಿ.

—

ಭಾಗ 9/9: ನಮ್ಮೂರಿಗೆ ಬಂದಾಗ 🏡

ಕೊನೇ ಪ್ರಶ್ನೆ ನಮ್ಮ ದೇಶದ್ದು. ಭಾರತದಲ್ಲಿ ಕಾನೂನು ಇಲ್ಲ ಅಂತ ಭಾಳ ಮಂದಿ ತಿಳ್ಕೊಂಡಾರ. ಅದ! ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವನ್ನ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕರಕೊಂಡು ಹೋದರೆ 1,000 ರೂಪಾಯಿ ದಂಡ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿ ಅದ. ಬೈಕಿಗೂ ನಿಯಮ ಬಂದದ: 9 ತಿಂಗಳಿಂದ 4 ವರ್ಷದ ಮಗು ಹಿಂದೆ ಇದ್ದರೆ ಮಗುವಿಗೆ ಸುರಕ್ಷತಾ ಪಟ್ಟಿ, ಹೆಲ್ಮೆಟ್, ಗಾಡಿಯ ವೇಗ 40 ಕಿ.ಮೀ. ಮೀರಬಾರದು. 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿ. 2023ರಲ್ಲೇ ಶುರುವಾದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯಲ್ಲಿ ಕಾರಿಗೆ ಮಕ್ಕಳ ರಕ್ಷಣೆಗೂ ಬೇರೆ ಅಂಕ ಕೊಡ್ತಾರ. ಕಾರು ತಗೊಳ್ಳುವಾಗ ಮೈಲೇಜ್ ಕೇಳ್ತೀವಿ, ಆ ಅಂಕ ಯಾರೂ ಕೇಳಲ್ಲ.

2022ರ ಸೆಪ್ಟೆಂಬರ್ 4ರಂದು ಸೈರಸ್ ಮಿಸ್ತ್ರಿ ಅವರು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶ ತುಂಬಾ ಮಾತಾಡಿತು. ಎಷ್ಟು ದಿನ? ನಿಮಗೇ ಗೊತ್ತು.

“ದುಡ್ಡು ಎಲ್ಲಿಂದ ತರೋದು?” ಇದು ನ್ಯಾಯವಾದ ಪ್ರಶ್ನೆ. ಬಿಕಾಂ ಲೆಕ್ಕ ಮತ್ತೊಮ್ಮೆ. ಒಂದು ಸೀಟ್ 8,000 ರೂಪಾಯಿ ಅಂತ ಹಿಡಿಯಿರಿ. ನಾಲ್ಕು ವರ್ಷ ಬಳಕೆ, ಕೊನೆಗೆ ಮರುಮಾರಾಟ ಬೆಲೆ ಸೊನ್ನೆ. ಸವಕಳಿ ವರ್ಷಕ್ಕೆ 2,000. ದಿನಕ್ಕೆ ಐದೂವರೆ ರೂಪಾಯಿ. ಒಂದು ಚಹಾದ ರೊಕ್ಕಕ್ಕಿಂತ ಕಮ್ಮಿ. ಕಾರೇ ಇಲ್ಲದ ಮನೆಗೆ ಈ ಲೆಕ್ಕ ಹೇಳೋದು ಸರಿಯಲ್ಲ, ಆಟೋ, ಬೈಕ್, ಬಸ್ಸಿನಲ್ಲಿ ಹೋಗುವ ಕೂಸಿನ ಸುರಕ್ಷತೆ ಬೇರೆಯೇ ದೊಡ್ಡ ಚರ್ಚೆ. ಆದರೆ ಹತ್ತು ಲಕ್ಷದ ಕಾರಿಗೆ ಅಲಾಯ್ ವೀಲ್, ಸೌಂಡ್ ಸಿಸ್ಟಮ್ ಹಾಕಿಸಿದ ಮನೆಗೆ ಖಂಡಿತ ಹೇಳಬಹುದು.

ಈಗ ಅಕ್ಕನ ವಿಷಯ. ಕೂಸು ಆರು ತಿಂಗಳಾದ ಮೇಲೆ ಊರಿಗೆ ಬರ್ತಾಳ. ಹೈದರಾಬಾದ್ ವಿಮಾನ ನಿಲ್ದಾಣದಿಂದ ಜಹೀರಾಬಾದ್, ಹುಮನಾಬಾದ್ ಮೇಲೆ ಬಸವಕಲ್ಯಾಣ. ಮೂರು ಗಂಟೆಗೂ ಹೆಚ್ಚಿನ ದಾರಿ, ಪೂರ್ತಿ ಹೆದ್ದಾರಿ, ಬಾಡಿಗೆ ಕಾರು. ದುಬೈನಲ್ಲಿ ದಂಡಕ್ಕೆ ಹೆದರಿ ಸೀಟ್ ಬಳಸಿ, ಇಲ್ಲಿ ಇಳಿದ ಕೂಡಲೇ ತೊಡಿ ಮ್ಯಾಲ ತಗೊಂಡರೆ ಎಲ್ಲ ಮಾಡಿದ್ದೂ ನೀರಿನಾಗ ಹೋಯ್ತು. ಕೂಸಿನ ಕುತ್ತಿಗೆಗೆ ದೇಶ ಗೊತ್ತಿಲ್ಲ.

ಅದಕ್ಕೆ ಮಾಡಬೇಕಾದದ್ದು ಇಷ್ಟು. ಬೆಲ್ಟಿನಿಂದಲೂ ಕಟ್ಟಬಹುದಾದ ಸೀಟನ್ನೇ ಆರಿಸೋದು, ಆಗ ಊರಿನ ಯಾವ ಕಾರಿಗೂ ಹೊಂದುತ್ತದ. ಸೀಟನ್ನ ಲಗೇಜಿನಲ್ಲಿ ಹೇಗೆ ತಗೊಳ್ತಾರ ಅಂತ ವಿಮಾನ ಕಂಪನಿಗೆ ಮೊದಲೇ ಕೇಳೋದು. ಬಾಡಿಗೆ ಕಾರಿನ ಅಣ್ಣನಿಗೆ ಹಿಂದಿನ ದಿನವೇ ಫೋನ್ ಮಾಡಿ, “ಹಿಂದಿನ ಸೀಟಿನ ಬೆಲ್ಟ್, ಬಕಲ್ ಎರಡೂ ಸೀಟ್ ಕವರ್ ಮೇಲಕ್ಕೆ ತೆಗೆದಿಡ್ರಿ” ಅಂತ ಹೇಳೋದು. ಗೊತ್ತಲ್ಲ, ನಮ್ಮ ಕಡೆ ಕಾರಿನಾಗ ಕವರ್ ಹಾಕಿಸಿದ ದಿನವೇ ಬಕಲ್ ಒಳಗೆ ಹೂತು ಹೋಗಿರ್ತದ.

ಆಯಿಗೆ ಏನು ಹೇಳೋದು? ವಾದ ಮಾಡಬೇಡಿ. ಕೂಸಿನ ಪಕ್ಕದಲ್ಲೇ ಹಿಂದಿನ ಸೀಟಿನಲ್ಲಿ ಅವರನ್ನ ಕೂರಿಸಿ, ಅವರಿಗೂ ಬೆಲ್ಟ್ ಹಾಕಿ. ಹಾಡು ಹೇಳೋದು, ಬೆರಳು ಹಿಡಿಸೋದು, ನಿದ್ದಿ ಬರಿಸೋದು ಅವರ ಕೆಲಸ. ಕುತ್ತಿಗೆ ಹಿಡಿಯೋದು ಸೀಟಿನ ಕೆಲಸ. ಕಾರು ನಿಂತ ಮೇಲೆ ಮಡಿಲು ಪೂರ್ತಿ ಅವರದೇ.

ನೀವು ಮಾಡಬೇಕಾದ್ದು ಒಂದೇ: ಇವತ್ತು ನಿಮ್ಮ ಮನೆ ಕಾರಿನ ಹಿಂದಿನ ಸೀಟಿನ ಬಕಲ್ ಕವರ್ ಹೊರಗೆ ಅದನೋ ಇಲ್ಲೋ ನೋಡ್ರಿ. ಇಲ್ಲಾಂದ್ರ ಹೊರಗ ತೆಗೀರಿ. ಕಾಮೆಂಟ್‌ನಲ್ಲಿ ‘ತೆಗೆದೆ’ ಅಂತ ಬರೀರಿ, ಎಷ್ಟು ಮಂದಿ ಆಗ್ತೀವಿ ಎಣಿಸೋಣ.

ಮುಂದಿನ ವಾರದ ವಸ್ತು: ಹೆಲ್ಮೆಟ್. 🪖

#ವಸ್ತುಗಳ_ಇತಿಹಾಸ #ಬಸವಕಲ್ಯಾಣ #ಹುಮನಾಬಾದ್ #ನಮ್ಮ_ಬೀದರ್ #ಕೂಸಿನ_ಕಾರ್_ಸೀಟ್ #ಕನ್ನಡದಲ್ಲಿ_ಇತಿಹಾಸ